ದ್ವೀಪದ ಹಕ್ಕಿಯ ನಾಲಿಗೆ

ಆ ನಾಲಿಗೆ ನಮ್ಮ ಲ್ಯಾಬಿಗೆ ಬಂದದ್ದು ಮೇಷ್ಟ್ರ ಊಟದ ಚೀಲದಲ್ಲಿ, ಮೊಸರನ್ನದ ಡಬ್ಬಿಯ ಪಕ್ಕ. ಹೆಬ್ಬೆರಳಿನಷ್ಟು ದಪ್ಪದ ಗಾಜಿನ ಸೀಸೆ, ಅದರಲ್ಲಿ ಹಳದಿಗೆ ತಿರುಗಿದ ಸ್ಪಿರಿಟ್, ತಳದಲ್ಲಿ ಒಣಗಿದ ಬೇವಿನೆಲೆಯಂತೆ ಮಲಗಿದ್ದ ಒಂದು ತುಣುಕು. "ಹುಷಾರಮ್ಮ, ಇರೋದು ಇದೊಂದೇ" ಎಂದು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ನಾನೂ ತೀರ್ಥಕ್ಕೆ ಒಡ್ಡುವ ಹಾಗೆ ಕೈ ಒಡ್ಡಿದೆ.

ಬ್ಯಾಂಕುಗಳು ಮುಗ್ಗರಿಸಿ ಬಿದ್ದ ಮರುವರ್ಷದ ಚಳಿಗಾಲ ಅದು. ನ್ಯೂಜೆರ್ಸಿಯ ಪ್ರಿನ್ಸ್‌ಟನ್ ಹತ್ತಿರದ ಒಂದು ಔಷಧ ಕಂಪನಿಯಲ್ಲಿ ನಾನು ಇಲಿಗಳ ಅಂಗಾಂಗಗಳನ್ನು ಕೊಯ್ಯುವ ಕೆಲಸದಲ್ಲಿದ್ದೆ. ಹೊಸ ಔಷಧ ತಿಂದ ಇಲಿಯ ಯಕೃತ್ತು, ಮೂತ್ರಪಿಂಡ, ನಾಲಿಗೆ ಇವನ್ನೆಲ್ಲ ಬಿಸಿ ಮೇಣದಲ್ಲಿ ನೆನೆಸಿ, ಮೇಣ ಗಟ್ಟಿಯಾದ ಮೇಲೆ ಆ ಬಿಲ್ಲೆಯನ್ನು ಮೈಕ್ರೋಟೋಮ್ ಎಂಬ ಯಂತ್ರಕ್ಕೆ ಸಿಕ್ಕಿಸಿ, ಕೂದಲಿಗಿಂತ ಎಷ್ಟೋ ಪಾಲು ತೆಳ್ಳಗೆ ಹೆರೆದು, ಗಾಜಿನ ಮೇಲೆ ಕೂರಿಸಿ ಬಣ್ಣ ಹಾಕಿ ಡಾಕ್ಟರುಗಳ ಮೇಜಿಗೆ ಕಳಿಸುವುದು. ಆ ಚಳಿಗಾಲದಲ್ಲಿ ನಮ್ಮ ಕಂಪನಿಯನ್ನು ಇನ್ನೊಂದು ಕಂಪನಿ ಕೊಂಡುಕೊಂಡಿತ್ತು. ನಮ್ಮ ಲ್ಯಾಬು ಅವರಿಗೆ ಬೇಡವಾಗಿತ್ತು. ಹರಾಜಿನವರು ಬಂದು ಯಂತ್ರಗಳಿಗೆಲ್ಲ ಹಳದಿ ಚೀಟಿ ಅಂಟಿಸಿ ಹೋಗಿದ್ದರು. ಕೆಲಸ ಮುಗಿದಿತ್ತು, ಸಂಬಳ ಇನ್ನೂ ನಾಲ್ಕು ವಾರ ಇತ್ತು. ದಿನಾ ಹೋಗಿ ಕಪಾಟು ಒರೆಸಿ ಮನೆಗೆ ಬರುತ್ತಿದ್ದೆ.

ಲ್ಯಾಬಿನ ಮೇಲ್ವಿಚಾರಕಿ ಮೈಸೂರಿನವರು, ಮಂಡಿ ಮೊಹಲ್ಲಾದವರು. ಎಲ್ಲರಿಗೂ ಮೇಡಂ, ನನಗೆ ಮಾತ್ರ ಆಪಾ, ಅಂದರೆ ಅಕ್ಕ. ಇಪ್ಪತ್ತೈದು ವರ್ಷ ಒಂದೇ ಯಂತ್ರದ ಮುಂದೆ ಕೂತವರು. ಮೇಣದ ಬಿಲ್ಲೆ ಹೆರೆಯುವಾಗ ಬರುವ ಸದ್ದು ಕೇಳಿಯೇ ಅಲಗು ಎಲ್ಲಿ ಮೊಂಡಾಗಿದೆ ಎಂದು ಹೇಳುತ್ತಿದ್ದರು. ನನ್ನನ್ನು ಮೂರು ವರ್ಷ ಹಿಟ್ಟಿನ ಹಾಗೆ ನಾದಿದ್ದರು. ಬೈದದ್ದಕ್ಕೆ ಲೆಕ್ಕವಿಲ್ಲ, ಈದ್‌ಗೆ ಡಬ್ಬಿ ತುಂಬ ಶೀರ್‌ಖುರ್ಮಾ ತಂದು ತಿನ್ನಿಸಿದ್ದೂ ಅವರೇ.

ಇನ್ನು ಮೇಷ್ಟ್ರು. ಅವರೂ ಮೈಸೂರಿನ ಕಡೆಯವರೇ, ಇಲ್ಲಿ ಒಂದು ಚಿಕ್ಕ ಕಾಲೇಜಿನಲ್ಲಿ ಪಕ್ಷಿಶಾಸ್ತ್ರ ಹೇಳಿಕೊಡುತ್ತಿದ್ದರು. ಮಾನ್ಮತ್ ಜಂಕ್ಷನ್‌ನಲ್ಲಿ ನಮ್ಮ ಮನೆಯ ಹಿಂದಿನ ಸಾಲಿನಲ್ಲಿ ಅವರ ಮನೆ. ಐಸೆಲಿನ್‌ನ ದಿನಸಿ ಅಂಗಡಿಯಲ್ಲಿ ಕರಿಬೇವು ಆರಿಸುತ್ತಿದ್ದಾಗ ಸಿಕ್ಕಿ, ನಮ್ಮ ಲ್ಯಾಬು ಮುಚ್ಚುವ ವಿಷಯ ಕೇಳಿ, ಕೊನೆಗೆ ಹಿಂಜರಿಯುತ್ತಾ ತಮ್ಮ ಕಷ್ಟ ಹೇಳಿಕೊಂಡರು.

ದಕ್ಷಿಣ ಅಟ್ಲಾಂಟಿಕ್ ಸಾಗರದ ನಟ್ಟನಡುವೆ ಟ್ರಿಸ್ಟನ್ ಡ ಕುನ್ಹಾ ಎಂಬ ದ್ವೀಪಗಳಿವೆ. ವಿಮಾನ ಇಳಿಯುವ ಜಾಗವಿಲ್ಲ, ಕೇಪ್‌ಟೌನಿನಿಂದ ಹಡಗಿನಲ್ಲಿ ಸುಮಾರು ಒಂದು ವಾರದ ದಾರಿ. ಅಲ್ಲಿ ಮಾತ್ರ ಇರುವ ಒಂದು ಹಕ್ಕಿಯನ್ನು ಅಲ್ಲಿಯ ಜನ ಸ್ಟಾರ್ಚಿ ಎನ್ನುತ್ತಾರೆ. ನಮ್ಮ ನ್ಯೂಜೆರ್ಸಿಯ ಹುಲ್ಲುಹಾಸಿನಲ್ಲಿ ಎರೆಹುಳು ಎಳೆಯುತ್ತಾ ಓಡಾಡುವ ರಾಬಿನ್ನಿಗೆ ಅದು ದಾಯಾದಿ, ಎರಡೂ ಥ್ರಶ್ ಎಂಬ ಕುಲಕ್ಕೆ ಸೇರಿದವು. ಯಾವುದೋ ಕಾಲದಲ್ಲಿ ಗಾಳಿಗೆ ಸಿಕ್ಕಿ ಆ ಬಂಡೆಗಳ ಮೇಲೆ ಹೋಗಿ ಬಿದ್ದ ನಾಲ್ಕಾರು ಹಕ್ಕಿಗಳ ಸಂತಾನವಿರಬೇಕು. ಎರೆಹುಳು ಸಾಲದೆ ಅವು ಕಡಲಹಕ್ಕಿಗಳ ಮೊಟ್ಟೆ ಒಡೆದು ಕುಡಿಯುವುದನ್ನು ಕಲಿತವು. ಅವುಗಳ ನಾಲಿಗೆಯ ತುದಿ ಚಿತ್ರಗಾರರ ಕುಂಚದಂತೆ ಎಳೆಎಳೆಯಾಗಿದೆ.

ಇದು ಪುಸ್ತಕಗಳಲ್ಲಿ ಇದ್ದ ವಿಷಯವೇ. ಮೇಷ್ಟ್ರಿಗೆ ಬೇಕಿದ್ದದ್ದು ಆ ಎಳೆಗಳ ಒಳಗಿನ ರಚನೆ. ಅವು ಕುಂಚವಾಗಿಯೇ ಬೆಳೆದವೋ, ಅಥವಾ ಮೊಟ್ಟೆಯ ಚಿಪ್ಪಿಗೆ ಉಜ್ಜಿ ಉಜ್ಜಿ ತುದಿ ಹರಿದು ಹಾಗೆ ಕಂಡದ್ದೋ ಎಂಬುದನ್ನು ಅವರು ತಮ್ಮ ಕಣ್ಣಿನಿಂದಲೇ ನೋಡಬೇಕಿತ್ತು. ನದಿಯಾಚೆ ನ್ಯೂಯಾರ್ಕಿನ ಒಂದು ಸಂಗ್ರಹಾಲಯದಲ್ಲಿ ಸ್ಪಿರಿಟ್ಟಿನಲ್ಲಿಟ್ಟ ಒಂದು ಸ್ಟಾರ್ಚಿ ಇತ್ತು. ಅದರ ನಾಲಿಗೆ ಕೊಯ್ಯಲು ಅನುಮತಿ ಕೇಳಿ ವರ್ಷಗಟ್ಟಲೆ ಪತ್ರ ಬರೆದು, ಕೊನೆಗೂ ಒಪ್ಪಿಸಿದ್ದರು. ನಾಲಿಗೆ ಕೈಗೆ ಬರುವ ಹೊತ್ತಿಗೆ ಕಾಲೇಜು ಹೊರಗಿನ ಲ್ಯಾಬಿಗೆ ಕೊಡುತ್ತಿದ್ದ ಹಣವನ್ನೇ ನಿಲ್ಲಿಸಿತ್ತು. ಅವರೂ ಮೇ ತಿಂಗಳಲ್ಲಿ ನಿವೃತ್ತರಾಗುವವರಿದ್ದರು.

ಆಪಾ ಕೇಳಿದ ಮೊದಲ ಪ್ರಶ್ನೆ, "ಕೆಟ್ಟೋದ್ರೆ ಇನ್ನೊಂದು ಸಿಗುತ್ತಾ ಸಾರ್?"

"ಇಲ್ಲ ಮೇಡಂ. ನನ್ನ ಆಯಸ್ಸಲ್ಲಂತೂ ಇಲ್ಲ."

"ಹಾಗಾದ್ರೆ ಮೊದ್ಲು ರಾಬಿನ್ ತನ್ನಿ" ಎಂದರು ಆಪಾ.

ಮ್ಯಾನೇಜರು ಒಂದು ಕಾಗದ ಬರೆಸಿಕೊಂಡು ಒಪ್ಪಿದ. ಪಾಪ, ಅವನ ಮೇಜಿಗೂ ಹಳದಿ ಚೀಟಿ ಬಿದ್ದಿತ್ತು. ಕಿಟಕಿಯ ಗಾಜಿಗೆ ಬಡಿದು ಸತ್ತ ಹಕ್ಕಿಗಳನ್ನು ಎತ್ತಿಡುವ ಪರವಾನಗಿ ಮೇಷ್ಟ್ರಿಗಿತ್ತು. ತಮ್ಮ ಕಾಲೇಜಿನ ಫ್ರೀಜರಿನಿಂದ ಎರಡು ರಾಬಿನ್‌ಗಳ ನಾಲಿಗೆ ತಂದುಕೊಟ್ಟರು.

ಮೊದಲನೆಯದನ್ನು ನಾನು ರೂಢಿಯಂತೆ ಯಂತ್ರಕ್ಕೆ ಹಾಕಿದೆ. ಅಂಗದ ನೀರನ್ನೆಲ್ಲ ಹಂತಹಂತವಾಗಿ ತೆಗೆದು ಮೇಣ ತುಂಬುವ ಯಂತ್ರ ಅದು, ಇಲಿಯ ಅಂಗಗಳಿಗೆಂದು ಹೊತ್ತು ನಿಗದಿ ಮಾಡಿಟ್ಟದ್ದು. ಇಲಿಯ ನಾಲಿಗೆ ಮಾಂಸದ ಮುದ್ದೆ. ಹಕ್ಕಿಯ ನಾಲಿಗೆ ಹೊರಗೆ ಉಗುರಿನಂಥ ಗಟ್ಟಿ ಪೊರೆ, ಒಳಗೆ ಎಲುಬು, ನಡುವೆ ಮಾಂಸ ಇದೆಯೋ ಇಲ್ಲವೋ ಎಂಬಷ್ಟು. ಅಲಗು ತಾಗಿದ್ದೇ ತಡ ರಾಬಿನ್ನಿನ ನಾಲಿಗೆ ಹಪ್ಪಳದಂತೆ ಪುಡಿಯಾಗಿ ಉದುರಿತು.

"ನೋಡ್ದಾ? ಇಲಿ ಅನ್ಕೊಂಡೆ ಅಲ್ವಾ ನೀನು?" ಎಂದರು ಆಪಾ.

ಎರಡನೆಯದನ್ನು ಯಂತ್ರಕ್ಕೆ ಹಾಕದೆ, ಚಿಕ್ಕ ಬಟ್ಟಲುಗಳಲ್ಲಿ ಕೈಯಿಂದಲೇ ಮಾಡಿದೆವು. ಪ್ರತಿ ಹಂತಕ್ಕೂ ಗಡಿಯಾರ ನೋಡುತ್ತಾ, ಹೊತ್ತನ್ನು ಅರ್ಧಕ್ಕಿಂತ ಕಡಿಮೆ ಮಾಡುತ್ತಾ ಹೋದೆವು. ಈ ಸಲ ಹೆರೆದಾಗ ಪದರ ಮುರಿಯದೆ ಒಂದಕ್ಕೊಂದು ಅಂಟಿಕೊಂಡು ರಿಬ್ಬನ್ನಿನ ಹಾಗೆ ಇಳಿದು ಬಂತು. ಆಪಾ ಏನೂ ಹೇಳಲಿಲ್ಲ. ಅವರು ಸುಮ್ಮನಿದ್ದರೆ ಪಾಸು ಎಂದೇ ಅರ್ಥ.

ಆಮೇಲೆ ನಿಜವಾದದ್ದು. ಸ್ಟಾರ್ಚಿಯ ನಾಲಿಗೆಯನ್ನು ಸೀಸೆಯಿಂದ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ನಾನು ಸುಮಾರು ಹೊತ್ತು ಕಣ್ಣು ಕೀಳಲಿಲ್ಲ. ಬರಿಗಣ್ಣಿಗೆ ಒಣಗಿದ ಎಲೆ. ದೊಡ್ಡದಾಗಿ ನೋಡಿದರೆ ತುದಿಯಲ್ಲಿ ಸಾಲುಸಾಲು ಎಳೆಗಳು, ಕಂದು ಬಣ್ಣದವು, ತುದಿಗೆ ಹೋಗುತ್ತಾ ಹೊಂಬಣ್ಣ. ಸ್ಪಿರಿಟ್ ಆರುತ್ತಿದ್ದಂತೆ ಎಳೆಗಳು ಒಂದಕ್ಕೊಂದು ಹತ್ತಿ ಮೊನೆಯಾದವು. ಒಂದು ಹನಿ ಬಿಟ್ಟರೆ ಮತ್ತೆ ಬಿಡಿಬಿಡಿಯಾಗಿ ಹನಿಯನ್ನು ತಮ್ಮೊಳಗೆ ಎಳೆದುಕೊಂಡವು. ಸತ್ತು ಎಷ್ಟೋ ದಶಕವಾದ ಹಕ್ಕಿಯ ನಾಲಿಗೆ ನನ್ನ ಕಣ್ಣೆದುರಿಗೆ ಕುಡಿಯಿತು.

"ಸರ್, ಬರ್ರಿ ಇಲ್ಲೆ, ನೋಡ್ರಿ. ಇನ್ನೊಂದು ಹನಿ ಹಾಕ್ತೀನಿ" ಎಂದು ಕರೆದೆ. ನಾನು ಧಾರವಾಡದವಳು, ಗಾಬರಿಯಾದರೂ ಖುಷಿಯಾದರೂ ಊರ ಮಾತೇ ಬಾಯಿಗೆ ಬರುತ್ತದೆ.

ಮೇಷ್ಟ್ರು ನೋಡಿದರು. "ಮೂವತ್ತು ವರ್ಷದಿಂದ ಪಾಠ ಮಾಡ್ತಿದೀನಿ ಕಣಮ್ಮ, ಅದು ಹೀಗಿರುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ" ಎಂದರು. ಅವರು ಆ ದ್ವೀಪಕ್ಕೆ ಹೋದವರಲ್ಲ. ಎರಡು ಸಲ ಹೊರಟು, ಒಮ್ಮೆ ಹಡಗಿನಲ್ಲಿ ಜಾಗ ಸಿಗದೆ, ಇನ್ನೊಮ್ಮೆ ಹೆಂಡತಿಯ ಕಾಯಿಲೆಯಿಂದ ನಿಂತವರು.

ಆಪಾ ಕೊನೆಗೆ ನೋಡಿದರು. ನೋಡಿ ಕನ್ನಡಕ ತೆಗೆದು ಒರೆಸಿಕೊಂಡು, "ನಾವು ಇಷ್ಟು ವರ್ಷ ಎಷ್ಟು ನಾಲಿಗೆ ಕುಯ್ದಿದೀವಿ ಬೇಟಾ! ಒಂದಾದ್ರೂ ತನಗೆ ಬೇಕಾದ್ದು ತಿಂದಿದ್ದು ಇತ್ತಾ?" ಎಂದರು. ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ನಮ್ಮ ಇಲಿಗಳು ಪಂಜರದಲ್ಲಿ ಹುಟ್ಟಿ, ಒಂದೇ ಥರದ ಗುಳಿಗೆ ತಿಂದು, ನಮ್ಮ ಅಲಗಿಗಾಗಿಯೇ ಬೆಳೆದವು. ತನ್ನ ಪಾಡಿಗೆ ತಾನು ಬದುಕಿದ ಒಂದು ಜೀವದ ಅಂಗ ನಮ್ಮ ಮೇಜಿಗೆ ಬಂದದ್ದು ಅದೇ ಮೊದಲು. ಅಂದಿನಿಂದ ನನಗೆ ಆ ತುಣುಕಿನ ಬಗ್ಗೆ ಭಯ, ಭಕ್ತಿ ಎರಡೂ ಹುಟ್ಟಿದವು.

ನಾಲಿಗೆಯ ಮುಂದಿನ ಆರು ಮಿಲಿಮೀಟರನ್ನಷ್ಟೇ ಕತ್ತರಿಸಿಕೊಂಡೆವು. ಹಿಂದಿನ ಭಾಗ ಸೀಸೆಗೆ ವಾಪಸ್ ಹೋಯಿತು, ಆದರೆ ಅದರಲ್ಲಿ ಕುಂಚವಿಲ್ಲ. ಕುಂಚವಿದ್ದದ್ದು ಈ ಆರು ಮಿಲಿಮೀಟರಿನಲ್ಲಿ ಮಾತ್ರ. ಅದನ್ನು ಅಚ್ಚಿನ ಬಟ್ಟಲಲ್ಲಿ ತಲೆಕೆಳಗಾಗಿ, ತುದಿ ತಳಕ್ಕೆ ತಾಗಿಯೂ ತಾಗದಂತೆ ನಿಲ್ಲಿಸಿ ಮೇಣ ಹೊಯ್ದೆ. ಅಚ್ಚಿನ ತಳವೇ ಮುಂದೆ ಅಲಗಿಗೆ ಎದುರಾಗುವ ಮುಖ. ಅಂದರೆ ಅಲಗು ಮೊದಲು ಮುಟ್ಟುವುದೇ ಎಳೆಗಳ ತುದಿಯನ್ನು. ಹರಿದದ್ದೋ ಬೆಳೆದದ್ದೋ ಎಂಬುದಕ್ಕೆ ಸಾಕ್ಷಿ ಹೇಳಬೇಕಾದದ್ದೂ ಆ ತುದಿಯೇ. ಸವೆದು ಹರಿದದ್ದಾದರೆ ಜಗಿದ ಬೇವಿನಕಡ್ಡಿಯಂತೆ ಸಿಡಿದಿರಬೇಕು, ಬೆಳೆದದ್ದಾದರೆ ಪ್ರತಿ ಎಳೆಯೂ ತನ್ನಷ್ಟಕ್ಕೆ ಕಿರಿದಾಗಿ ಮುಗಿದಿರಬೇಕು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಕೂತೆ. ಆಪಾ ಹತ್ತು ಸಲ ಹೇಳಿದ್ದರು, ಮೊದಲ ತಿರುವಿನಿಂದಲೇ ಐದು ಮೈಕ್ರಾನ್, ಒಂದು ಪದರವನ್ನೂ ಬಿಸಾಡಬೇಡ ಎಂದು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಅಲಗಿನ ಹರಿತ ನೋಡಲು ಮೊದಲು ರಾಬಿನ್ನಿನ ಬಿಲ್ಲೆಯನ್ನು ಸಿಕ್ಕಿಸಿ ನಾಲ್ಕು ಸಲ ಹೆರೆದೆ. ಅದಕ್ಕೆ ಯಂತ್ರದ ಪಕ್ಕದ ಸನ್ನೆಯನ್ನು, ಪದರದ ದಪ್ಪ ಬದಲಿಸುವ ಹಿಡಿಯನ್ನು, ಒರಟು ಹೆರೆತಕ್ಕೆ ಇಟ್ಟಿದ್ದೆ. ಒರಟು ಎಂದರೆ ಒಂದು ತಿರುವಿಗೆ ಮೂವತ್ತು ಮೈಕ್ರಾನ್. ಇಲಿಯ ಬಿಲ್ಲೆಗಳಿಗೆ ನಾವು ದಿನವೂ ಮಾಡುವುದೇ ಹೀಗೆ. ಮೇಲಿನ ಮೇಣವನ್ನು ಗರಗರ ಹೆರೆದು, ಸಿಪ್ಪೆಯನ್ನು ಕುಂಚದಿಂದ ತಟ್ಟೆಗೆ ಗುಡಿಸಿ, ಅಂಗ ಪೂರ್ತಿ ಕಂಡ ಮೇಲೆ ಸನ್ನೆ ಬದಲಿಸಿ ತೆಳ್ಳಗೆ ಕೊಯ್ಯುವುದು. ರಾಬಿನ್ ತೆಗೆದೆ, ಸ್ಟಾರ್ಚಿ ಸಿಕ್ಕಿಸಿದೆ. ಚಕ್ರ ತಿರುಗಿಸಿದೆ. ಒಂದು, ಎರಡು, ಮೂರು, ನಾಲ್ಕು. ಗುಡಿಸಿದೆ.

ಹಿಂದೆ ಕೈಕಟ್ಟಿ ನಿಂತಿದ್ದ ಮೇಷ್ಟ್ರು, "ಶುರುವಾಯ್ತೇನಮ್ಮ?" ಎಂದರು.

ಆಗ ಸನ್ನೆ ನೋಡಿದೆ. ಅದು ಒರಟಿನಲ್ಲೇ ಇತ್ತು. ಬಿಲ್ಲೆಯ ಮುಖದಲ್ಲಿ ಎಳ್ಳಿನ ಗಾತ್ರದ ಕಂದು ಚುಕ್ಕೆ ಕಾಣುತ್ತಿತ್ತು. ತುದಿ ಹೋಗಿತ್ತು.

ಯಾವ ಅನನುಭವಿಯೂ ಮಾಡದ ತಪ್ಪು ಅದು. ಹೊಸಬನಾಗಿದ್ದರೆ ಹೆದರಿ ಹೆದರಿ ಸನ್ನೆ ನೋಡಿ ತಿರುಗಿಸುತ್ತಿದ್ದ. ಸಾವಿರಾರು ಬಿಲ್ಲೆ ಹೆರೆದ ಕೈ ನನ್ನನ್ನು ಕೇಳದೆಯೇ ತಿರುಗಿಸಿ, ಗುಡಿಸಿಯೂ ಬಿಟ್ಟಿತ್ತು.

"ಆಪಾ, ಕೆಡಿಸಿಬಿಟ್ಟೆ. ಕೈಯಾರೆ ಕೆಡಿಸಿದೆ ನೋಡ್ರಿ" ಎಂದೆ.

ಆಪಾ ಎದ್ದು ಬಂದರು. ಸನ್ನೆ ನೋಡಿದರು, ತಟ್ಟೆ ನೋಡಿದರು. ಬೈಯುತ್ತಾರೆಂದು ಕಾದೆ. "ಕೈ ತೆಗಿ. ಏಳ್ಬೇಡ, ಅಲ್ಲಾಡ್ಬೇಡ, ತಟ್ಟೆ ಮೇಲೆ ಉಸಿರು ಬಿಡ್ಬೇಡ" ಎಂದರು. ಆಮೇಲೆ ಮೇಷ್ಟ್ರ ಕಡೆ ತಿರುಗಿ, "ಸಾರ್, ಬಾಗಿಲು ಹಾಕಿ. ಮೇಲೆ ಬಿಸಿಗಾಳಿ ಬರೋ ಕಿಂಡಿ ಇದೆಯಲ್ಲ, ಅದನ್ನೂ ಮುಚ್ಚಿ" ಎಂದರು.

ಮೇಷ್ಟ್ರಿಗೆ ಆಗ ಅರ್ಥವಾಯಿತು. ಕುರ್ಚಿ ಹತ್ತಿ, ತಮ್ಮ ಮಫ್ಲರನ್ನೇ ಕಿಂಡಿಗೆ ತುರುಕಿದರು.

ತಟ್ಟೆಯಲ್ಲಿ ಮೇಣದ ಸಿಪ್ಪೆಗಳು ಸುರುಳಿಸುರುಳಿಯಾಗಿ ಬಿದ್ದಿದ್ದವು, ರಾಬಿನ್ನಿನವೂ ಸ್ಟಾರ್ಚಿಯವೂ ಕಲೆತು. ದೇವರ ದಯೆ, ರಾಬಿನ್ನಿಗೆ ದೊಡ್ಡ ಅಚ್ಚು ಬಳಸಿದ್ದೆ, ಇದಕ್ಕೆ ಚಿಕ್ಕದು. ಆದ್ದರಿಂದ ಅಗಲ ಕಡಿಮೆ ಇರುವ ಸುರುಳಿಗಳು ಸ್ಟಾರ್ಚಿಯವು. ಆಪಾ ಅತಿ ಸಣ್ಣ ಚಿಮಟದಿಂದ ಒಂದೊಂದನ್ನೇ ಎತ್ತಿ ಕಪ್ಪು ಕಾಗದದ ಮೇಲಿಟ್ಟರು. ಮೊದಲ ತಿರುವಿನದು ಬರೀ ಮೇಣ, ಅದರಲ್ಲಿ ಚುಕ್ಕೆಯಿಲ್ಲ. ಇನ್ನೊಂದರಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕೆ. ಮತ್ತೊಂದರಲ್ಲಿ ಎಳ್ಳಿನಷ್ಟು. ಇವೆರಡರ ನಡುವಿನದು ಇಲ್ಲ.

ತಟ್ಟೆಯನ್ನೆಲ್ಲ ನೋಡಿದೆವು. ಅಲಗಿನ ಹಿಂದೆ, ಯಂತ್ರದ ಸಂದುಗಳಲ್ಲಿ, ನೆಲದ ಮೇಲೆ ಅವರಿಬ್ಬರೂ ಟಾರ್ಚ್ ಹಾಕಿ ಹುಡುಕಿದರು. ಚಳಿಗಾಲದ ಒಣಗಾಳಿಯಲ್ಲಿ ಮೇಣದ ಸಿಪ್ಪೆ ಎಲ್ಲಿಗೆ ಬೇಕಾದರೂ ಹಾರಿ ಅಂಟುತ್ತದೆ. ಅರ್ಧ ಗಂಟೆ ಕಳೆದಿರಬೇಕು.

"ಅಲ್ಲಾಡಬೇಡಮ್ಮ" ಎಂದರು ಮೇಷ್ಟ್ರು, ಬಹಳ ಮೆಲ್ಲಗೆ. ಪೊದೆಯಲ್ಲಿ ಹಕ್ಕಿ ಕಂಡಾಗ ಹೀಗೇ ಹೇಳುತ್ತಾರೇನೋ. "ನಿನ್ನ ಎಡಗೈ. ಮೊಣಕೈ ಕೆಳಗೆ."

ನನ್ನ ಬಿಳಿ ಕೋಟಿನ ತೋಳಿಗೆ, ಬಿಳಿಯ ಮೇಲೆ ಬಿಳಿಯಾಗಿ, ಅದು ಅಂಟಿಕೊಂಡಿತ್ತು. ಅದನ್ನು ಕಂಡದ್ದು ಮೇಣ ಕೊಯ್ಯುವ ನಾವಿಬ್ಬರಲ್ಲ. ಆಪಾ ಚಿಮಟದಿಂದ ಬಿಡಿಸಿಕೊಂಡ ಮೇಲೆ ನಾನು ಉಸಿರು ಬಿಟ್ಟೆ.

ದಪ್ಪ ಸಿಪ್ಪೆ ಸುರುಳಿ ಬಿಚ್ಚುವುದಿಲ್ಲ, ಬಿಚ್ಚಲು ಹೋದರೆ ಮುರಿಯುತ್ತದೆ. ಬಿಸಿ ನೀರಿನ ತೊಟ್ಟಿಯಲ್ಲಿ ತೇಲಿಬಿಟ್ಟರೆ ತಾನಾಗಿ ಬಿಚ್ಚೀತು ಎಂದು ಆಪಾ ಹೇಳಿದರು, ಆದರೆ ಅಷ್ಟು ದಪ್ಪದ್ದನ್ನು ಅವರೂ ಮಾಡಿ ನೋಡಿರಲಿಲ್ಲ. ಮೊದಲು ಚುಕ್ಕೆಯಿಲ್ಲದ ಬರೀ ಮೇಣವನ್ನೇ ತೇಲಿಬಿಟ್ಟು ನೀರಿನ ಬಿಸಿ ಹದ ಮಾಡಿಕೊಂಡೆವು. ಆಮೇಲೆ ಸಾಸಿವೆ ಚುಕ್ಕೆಯದು. ಅದು ನೀರಿನ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಮಗು ಮುಷ್ಟಿ ಬಿಚ್ಚುವ ಹಾಗೆ ನಿಧಾನವಾಗಿ ಬಿಚ್ಚಿಕೊಂಡಿತು. ಕೆಳಗಿನಿಂದ ಗಾಜು ತೂರಿಸಿ ಎತ್ತಿಕೊಂಡೆ. ಮೂರೂ ಸಿಕ್ಕವು. ಮೂರನ್ನೂ ಗಾಜಿನ ಮೇಲೆ ಒಣಗಲು ಇಟ್ಟೆವು.

ಬಿಲ್ಲೆಗೆ ವಾಪಸ್ ಬಂದರೆ ಇನ್ನೊಂದು ಫಜೀತಿ. ಸನ್ನೆಯನ್ನು ತೆಳುವಿಗೆ ಇಟ್ಟು ಹೆರೆದರೆ ಪದರದ ನಡುವೆ ಬಿರುಕು. ಎಳೆಗಳು ಉಗುರಿನಷ್ಟು ಗಟ್ಟಿ, ಸುತ್ತಲಿನ ಮೇಣ ಮೆತ್ತಗೆ. ಅಲಗು ಒಂದನ್ನು ಕೊಯ್ದು ಇನ್ನೊಂದನ್ನು ಕಿತ್ತು ತರುತ್ತಿತ್ತು. ಆಪಾ ತಮ್ಮ ಕಪಾಟಿನಿಂದ ಬಟ್ಟೆ ಮೆತ್ತಗಾಗಲು ಹಾಕುವ ಲಾಂಡ್ರಿ ದ್ರವದ ಬಾಟಲಿ ತೆಗೆದರು. ಅದನ್ನು ನೀರಿಗೆ ಕಲಸಿ, ಬಿಲ್ಲೆಯ ಮುಖವನ್ನು ಅದರಲ್ಲಿ ಅದ್ದಿ ಇಟ್ಟರು.

"ಮೇಡಂ, ಇದು ಸೈನ್ಸಾ?" ಎಂದರು ಮೇಷ್ಟ್ರು.

"ಸೈನ್ಸೋ ಏನೋ ಸಾರ್, ಕೆಲಸ ಆಗುತ್ತೆ. ಇಲಿ ಉಗುರಿಗೆ ಇದೇ ಔಷಧಿ" ಎಂದರು ಆಪಾ.

ಇಪ್ಪತ್ತು ನಿಮಿಷ ಲಾಂಡ್ರಿ ನೀರು, ಆಮೇಲೆ ಮಂಜುಗಡ್ಡೆಯ ಮೇಲೆ. ಲ್ಯಾಬೆಲ್ಲ ಒಗೆದ ಬಟ್ಟೆಯ ವಾಸನೆ. ಹೆರೆಯುವ ಮುನ್ನ ಬಿಲ್ಲೆಯ ಮುಖಕ್ಕೆ ಬಾಯಿಂದ ಒಂದು ಬೆಚ್ಚನೆಯ ಉಸಿರು, ಹಾಗೆಯೇ ಚಕ್ರಕ್ಕೆ ಒಂದು ತಿರುವು. ನಾಲ್ಕನೆಯ ಪದರದಿಂದ ಬಿರುಕು ನಿಂತಿತು. ಒಂದರ ಹಿಂದೆ ಒಂದು ಪದರ ಇಳಿದು ರಿಬ್ಬನ್ ಉದ್ದವಾಗುತ್ತಾ ಹೋಯಿತು. ನಾನು ಪ್ರತಿ ತಿರುವಿಗೂ ಸನ್ನೆಯನ್ನು ನೋಡುತ್ತಿದ್ದೆ, ಬಿಸಿ ಹಾಲು ಕುಡಿದು ಬಾಯಿ ಸುಟ್ಟ ಬೆಕ್ಕು ಮಜ್ಜಿಗೆಗೂ ಹೆದರುವಂತೆ. ನಾಲ್ಕು ದಿನ ಹೀಗೆ ಕೊಯ್ದೆವು. ಕುಂಚದ ಅರ್ಧ ಉದ್ದ ಮುಗಿದಾಗ ನಿಲ್ಲಿಸಿ, ಅಷ್ಟಕ್ಕೆ ಬಣ್ಣ ಹಾಕಿ ನೋಡೋಣ ಎಂದುಕೊಂಡೆವು.

ನಾವು ಹಾಕುವುದು ಎರಡು ಬಣ್ಣ. ಒಂದು ಪ್ರತಿ ಜೀವಕೋಶದ ಕೇಂದ್ರವನ್ನು ನೀಲಿ ಮಾಡುತ್ತದೆ, ಇನ್ನೊಂದು ಉಳಿದದ್ದನ್ನೆಲ್ಲ ಗುಲಾಬಿ ಮಾಡುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಮೊದಲು ಇಟ್ಟದ್ದು ತೋಳಿನಿಂದ ಕಿತ್ತ ಸಿಪ್ಪೆಯನ್ನೂ ಅದರ ಜೊತೆಯವನ್ನೂ. ದಪ್ಪವಾದದ್ದರಿಂದಲೇ ಅವುಗಳಲ್ಲಿ ಎಳೆಗಳ ತುದಿ ಆಳವಾಗಿ, ಇಡಿಯಾಗಿ ಕಂಡಿತು. ಒಂದೆರಡು ಮುರಿದಿದ್ದವು. ಉಳಿದವೆಲ್ಲ ಸುತ್ತಲೂ ನುಣುಪಾದ ಅಂಚಿನೊಡನೆ ಕಿರಿದಾಗುತ್ತಾ ಹೋಗಿ ತಾವಾಗಿ ಮುಗಿದಿದ್ದವು. ಅವು ಹರಿದ ಅಂಚುಗಳಾಗಿರಲಿಲ್ಲ. ಐದು ಮೈಕ್ರಾನಿನ ಪದರಗಳಲ್ಲಿ ಪ್ರತಿ ಎಳೆಯೂ ಅರ್ಧ ಸುತ್ತಿದ ವೀಳ್ಯದೆಲೆಯ ಹಾಗೆ, ಒಂದು ಕಡೆ ತೆರೆದ ಕಾಲುವೆ. ಯಾರೂ ಕಾಣದ ಕಡಲಿನ ನಡುವೆ, ಹುಳು ತಿನ್ನುವ ಹಕ್ಕಿಯ ನಾಲಿಗೆ ಇಷ್ಟು ಅಚ್ಚುಕಟ್ಟಾಗಿ ಮೊಟ್ಟೆ ಕುಡಿಯುವ ನಾಲಿಗೆಯಾಗಲು ಎಷ್ಟು ಸಾವಿರ ತಲೆಮಾರು ಹಿಡಿದಿರಬೇಕು ಎಂದು ಯೋಚಿಸುತ್ತಾ ನಾನು ಸ್ಲೈಡು ಬದಲಿಸುವುದನ್ನೇ ಮರೆತೆ.

"ಬೆಳೆದದ್ದು" ಎಂದರು ಮೇಷ್ಟ್ರು. ಅಷ್ಟೇ ಹೇಳಿ ಕನ್ನಡಕ ತೆಗೆದು ಕೂತರು. ಅವರ ಕಣ್ಣಲ್ಲಿ ನೀರಿತ್ತು, ಮುಚ್ಚಿಟ್ಟುಕೊಳ್ಳಲೂ ಹೋಗಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಸುಖವಾಗಿತ್ತು. ಆಪಾ ಒಂದೊಂದೇ ಸ್ಲೈಡು ಸರಿಸುತ್ತಾ ನೋಡುತ್ತಿದ್ದವರು, "ಈ ಗುಲಾಬಿ ಏನು?" ಎಂದರು.

ಎಳೆಗಳ ಕಾಲುವೆಯೊಳಗೆ, ಗೋಡೆಗೆ ಅಂಟದೆ, ಹೊಳಪಿನ ಗುಲಾಬಿಯ ತೆಳುವಾದ ಪೊರೆ. ಒಂದು ಪದರದಲ್ಲಿ ಮಾತ್ರ ಅಲ್ಲ. ಹಿಂದಕ್ಕೆ ಹೋದಷ್ಟೂ ಜಾಸ್ತಿಯಾಗುತ್ತಾ, ನಾವು ನಿಲ್ಲಿಸಿದ ಕಡೆಯ ಪದರದಲ್ಲಿ ಕಾಲುವೆಗಳು ಅರ್ಧ ತುಂಬಿದ್ದವು. ಜೀವಕೋಶದ ನೀಲಿ ಒಂದೂ ಇಲ್ಲ. ಅದು ಹಕ್ಕಿಯ ಮೈಯಲ್ಲ. ಹಕ್ಕಿಯ ಬಾಯಿಯಲ್ಲಿದ್ದ ಏನೋ.

"ಜೊಲ್ಲು ಇರಬೋದು" ಎಂದರು ಆಪಾ.

"ಇರ್ಬೋದು" ಎಂದರು ಮೇಷ್ಟ್ರು. ಮತ್ತೆ ಸ್ಲೈಡಿನ ಮೇಲೆ ಬಗ್ಗಿ, "ಮೊಟ್ಟೆನೂ ಇರ್ಬೋದು ಮೇಡಂ" ಎಂದರು.

ಆ ಹಕ್ಕಿ ಸಾಯುವ ಮುನ್ನ ಯಾವ ಕಡಲಹಕ್ಕಿಯ ಗೂಡಿನ ಪಕ್ಕ ಕುಪ್ಪಳಿಸುತ್ತಿತ್ತೋ, ಅದರ ಕೊನೆಯ ಊಟ ಅದರ ನಾಲಿಗೆಯ ಎಳೆಗಳ ನಡುವೆ ಹಾಗೆಯೇ ನಿಂತು, ಸ್ಪಿರಿಟ್ಟಿನಲ್ಲಿ ದಶಕಗಳನ್ನು ಕಳೆದು, ನ್ಯೂಜೆರ್ಸಿಯ ಮುಚ್ಚುತ್ತಿದ್ದ ಲ್ಯಾಬಿನಲ್ಲಿ ಗುಲಾಬಿಯಾಗಿ ಬೆಳಗುತ್ತಿತ್ತು. ಅಥವಾ ಅದು ಬರೀ ಜೊಲ್ಲು. ಯಾವುದೆಂದು ಹೇಳುವ ದಾರಿ ನಮ್ಮ ಬಳಿ ಇರಲಿಲ್ಲ.

"ಉಳಿದಿದ್ದನ್ನೂ ಕುಯ್ದುಬಿಡಮ್ಮ" ಎಂದರು ಮೇಷ್ಟ್ರು. "ಪೂರ್ತಿ ಕುಯ್ದು ಬಣ್ಣ ಹಾಕು. ಎಲ್ಲಿತನಕ ಹೋಗಿದೆ, ಎಷ್ಟು ತುಂಬಿದೆ ನೋಡೋಣ. ಶುಕ್ರವಾರ ಯಂತ್ರ ಹೋಗಿಬಿಡುತ್ತೆ ಅಂದ್ಯಲ್ಲ?"

ಅನುಮತಿ ಇತ್ತು. ಮೂರು ದಿನ ಇತ್ತು. ಬಿಲ್ಲೆ ಯಂತ್ರದಲ್ಲೇ ಕೂತಿತ್ತು. ನಾನು ಚಕ್ರಕ್ಕೆ ಕೈ ಹಾಕಿ ಹಾಗೇ ಕೂತೆ.

"ಬ್ಯಾಡ್ರಿ ಸರ್" ಎಂದೆ.

"ಯಾಕಮ್ಮ?"

"ನಾವು ಬಣ್ಣ ಹಾಕಿದ್ರ ಅದು ಇನ್ನ ಗುಲಾಬಿನ ಕಾಣತೈತಿ. ಏನಂತ ಗೊತ್ತಾಗೂದಿಲ್ಲ. ಪೂರ್ತಿ ಕೊಯ್ದ ಮ್ಯಾಲೆ ನಾಳೆ ಯಾರರ ತಿಳಿದವರು ಬಂದ್ರೂ, ಪರೀಕ್ಷೆ ಮಾಡಾಕ ಏನೂ ಉಳಿಯೂದಿಲ್ಲ. ಮೇಣದಾಗ ಇದ್ರ ಐವತ್ತು ವರ್ಷ ಇರತೈತ್ರಿ."

"ನಾಳೆ ಬರೋರು!" ಮೇಷ್ಟ್ರ ದನಿ ಏರಿತು. ಅವರು ಸಿಟ್ಟಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಹದಿನೈದು ವರ್ಷ ಪತ್ರ ಬರೆದೋನು ನಾನಮ್ಮ. ಮೇ ಆದ್ಮೇಲೆ ನನ್ನ ಕೈಗೆ ಯಾರು ಕೊಡ್ತಾರೆ ಇದನ್ನ? ಐವತ್ತು ವರ್ಷ ನಾನಿರ್ತೀನಾ?"

ಅವರು ಹೇಳಿದ್ದು ನಿಜವೇ. ನಾಲಿಗೆ ಅವರದು, ಶ್ರಮ ಅವರದು, ನಾನು ಕೊಯ್ಯುವ ಕೈ ಮಾತ್ರ. ಹೇಳಿದ ಕಡೆ ಹೇಳಿದಷ್ಟು ಕೊಯ್ಯುವುದು ನಮ್ಮ ಕಸುಬು. ಕೊಯ್ಯುವುದಿಲ್ಲ ಎಂದು ನಾನು ಯಾರಿಗೂ ಹೇಳಿದವಳಲ್ಲ. ಆದರೆ ಸಾವಿರಾರು ಇಲಿಗಳನ್ನು ಕೊಯ್ದು ಕಸಕ್ಕೆ ಹಾಕಿದ ಆ ಕೈಯೇ ನಾಲ್ಕು ದಿನ ಮುಂಚೆ ನನಗೆ ಮೋಸ ಮಾಡಿತ್ತು. ಅದಕ್ಕೆ ಇನ್ನೊಂದು ಸಲ ಇದನ್ನು ಒಪ್ಪಿಸಲು ನನಗೆ ಮನಸ್ಸು ಬರಲಿಲ್ಲ.

ನಾನು ಆಪಾರನ್ನು ನೋಡಿದೆ. ಅವರು ಯಂತ್ರದ ಬಳಿಗೆ ಬಂದು, ನನ್ನ ಕೈಯನ್ನು ಚಕ್ರದಿಂದ ಎತ್ತಿ, ಚಕ್ರದ ಬೀಗ ಹಾಕಿದರು. "ಕುಯ್ಯೋಕೆ ಶುರು ಮಾಡೋಕೆ ಒಂದು ನಿಮಿಷ ಸಾಕು ಸಾರ್. ಮೊದ್ಲು ಕೂತ್ಕೊಳ್ಳಿ, ಚಾ ಮಾಡ್ತೀನಿ. ಕುಡಿದ ಮೇಲೂ ಬೇಕು ಅಂದ್ರೆ ನಾನೇ ಕುಯ್ದು ಕೊಡ್ತೀನಿ" ಎಂದರು.

ಮೇಷ್ಟ್ರು ಕೂರಲಿಲ್ಲ. ಮತ್ತೆ ಸೂಕ್ಷ್ಮದರ್ಶಕದ ಮುಂದೆ ಹೋಗಿ ಬಗ್ಗಿದರು. ಕೊನೆಯ ಸ್ಲೈಡನ್ನು ಇಟ್ಟುಕೊಂಡು, ಚಾ ಆರಿ ಕೆನೆ ಕಟ್ಟುವವರೆಗೂ ತಲೆ ಎತ್ತಲಿಲ್ಲ. ಹೊರಗೆ ಪಾರ್ಕಿಂಗ್ ಲಾಟಿನಲ್ಲಿ ಯಾರೋ ತಮ್ಮ ಮೇಜಿನ ಸಾಮಾನನ್ನು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ಕಾರಿಗೆ ಹಾಕುತ್ತಿದ್ದರು.

"ಗೊತ್ತಾಗದೇ ಇರೋದನ್ನೂ ನಾನು ಚೆನ್ನಾಗಿ ನೋಡ್ಕೊಂಡೆ" ಎಂದರು ಕೊನೆಗೆ ತಲೆ ಎತ್ತಿ. "ಮುಚ್ಚಿಬಿಡಮ್ಮ."

ಕೊಯ್ದ ಬಿಲ್ಲೆಯನ್ನು ಹಾಗೇ ಬಿಟ್ಟರೆ ತೆರೆದ ಮುಖ ಒಣಗಿ ಕೆಡುತ್ತದೆ. ಬಿಸಿ ಮೇಣದ ಒಂದು ಪದರ ಮೇಲೆ ಹೊಯ್ಯಬೇಕು. ಬೀಗ ತೆಗೆದು ಬಿಲ್ಲೆಯನ್ನು ಬಿಡಿಸಿದೆ. ಅದರ ಮುಖದಲ್ಲಿ ಕಡಲೆಬೇಳೆಯಷ್ಟು ಅಗಲದ ಕಂದು ಗುರುತು, ಅದರೊಳಗೆ ಬರಿಗಣ್ಣಿಗೆ ಕಾಣದ ಕಾಲುವೆಗಳು, ಕಾಲುವೆಗಳೊಳಗೆ ಜೊಲ್ಲೋ ಮೊಟ್ಟೆಯೋ. ಚಮಚದಿಂದ ಮೇಣ ಹೊಯ್ದೆ. ಸ್ವಲ್ಪ ಹೊತ್ತು ಅದು ನೀರಿನಂತೆ ತಿಳಿಯಾಗಿತ್ತು, ಗುರುತು ಕಾಣುತ್ತಿತ್ತು. ಆಮೇಲೆ ಅಂಚಿನಿಂದ ಬಿಳಿಯಾಗುತ್ತಾ ಬಂದು ಮುಚ್ಚಿಕೊಂಡಿತು.

ಮೇಷ್ಟ್ರು ಕೈ ಚಾಚಿದರು.

"ಇನ್ನೂ ಬಿಸಿ ಐತ್ರಿ ಸರ್. ಆರಲಿ" ಎಂದೆ.

"ಇರಲಿ, ಕೊಡು" ಎಂದು ತೆಗೆದುಕೊಂಡು, ಅಂಗೈ ಮುಚ್ಚಿ, ಆರುವವರೆಗೂ ಹಿಡಿದು ನಿಂತಿದ್ದರು.